ಒಂದೇ ಕೋಶ, ಮೀಟರ್‌ಗಟ್ಟಲೆ ಮೈ: ದೈತ್ಯ ಹಸಿರು ಪಾಚಿಗಳು ಬದುಕುವುದು ಹೇಗೆ?

ಪ್ರಶ್ನೆ: ನನ್ನ ಉಪ್ಪುನೀರಿನ ಅಕ್ವೇರಿಯಂನ ಕಲ್ಲಿನ ಮೇಲೆ ಗಾಜಿನಂತೆ ಹೊಳೆಯುವ ಹಸಿರು ಗುಳ್ಳೆಗಳು ಬಂದಿವೆ. ದೊಡ್ಡದು ಎರಡು ಸೆಂಟಿಮೀಟರ್ ಇದೆ. ಇಡೀ ಗುಳ್ಳೆ ಒಂದೇ ಜೀವಕೋಶ ಅಂತ ಓದಿದೆ. ಜೀವಕೋಶ ತುಂಬ ಚಿಕ್ಕದು, ದೊಡ್ಡದಾದರೆ ಬದುಕಲ್ಲ ಅಂತ ಶಾಲೆಯಲ್ಲಿ ಕಲಿತ ನೆನಪು. ಹಾಗಾದರೆ ಇದು ಹೇಗೆ? ಸೂಜಿಯಿಂದ ಚುಚ್ಚಿದರೆ ಸಾಯುತ್ತಾ? ಇನ್ನೊಂದು ವಿಷಯ: ಅದೇ ತೊಟ್ಟಿಯಲ್ಲಿದ್ದ ಕಾಲರ್ಪಾ ಪಾಚಿ ಒಂದು ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ ಬೆಳ್ಳಗಾಗಿ, ನೀರೆಲ್ಲ ಕದಡಿ ಹೋಗಿತ್ತು. ಅದು ಯಾಕೆ?

ಉತ್ತರ: ನೀವು ಹೇಳುವ ಗುಳ್ಳೆ ವಲೋನಿಯಾ ವೆಂಟ್ರಿಕೋಸಾ ಇರಬೇಕು. ಬೆಚ್ಚಗಿನ ಸಮುದ್ರಗಳ ಹವಳದ ಬಂಡೆಗಳಲ್ಲಿ ಮಾಮೂಲಿ. ಹೊಸ ಕಲ್ಲು ತಂದಾಗ ಅದರ ಜೊತೆಗೇ ಅಕ್ವೇರಿಯಂಗೂ ಬರುತ್ತದೆ. ಒಂದರಿಂದ ನಾಲ್ಕು ಸೆಂಟಿಮೀಟರ್, ಅಪರೂಪಕ್ಕೆ ಅದಕ್ಕಿಂತಲೂ ದೊಡ್ಡದಾಗುತ್ತದೆ. ಕಾಲರ್ಪಾ ಅದರ ದೂರದ ನೆಂಟ. ಅದೂ ಒಂದೇ ಕೋಶ. ಕಾಂಡ, ಎಲೆ, ಬೇರು ಎಲ್ಲ ಇದ್ದಂತೆ ಕಾಣುತ್ತದೆ, ಆದರೆ ಒಳಗೆ ಎಲ್ಲೂ ಅಡ್ಡಗೋಡೆ ಇಲ್ಲ. ಹಬ್ಬುವ ಕಾಂಡ ಮೀಟರ್ ದಾಟುವುದೂ ಉಂಟು. ಅಂದರೆ ನಿಮ್ಮ ತೊಟ್ಟಿಯಲ್ಲಿ ಈ ಬಗೆಯವು ಎರಡಿದ್ದವು.

ಶಾಲೆಯ ಪಾಠ ಸುಳ್ಳಲ್ಲ, ಅರ್ಧ ಹೇಳಿ ಬಿಟ್ಟಿದ್ದಾರೆ ಅಷ್ಟೇ. ಆ ಪಾಠದ ಹಿಂದೆ ಇರುವುದು ವಿಸರಣೆಯ ಲೆಕ್ಕ. ಸಕ್ಕರೆ, ಆಮ್ಲಜನಕದಂಥ ಸಣ್ಣ ಅಣುಗಳು ನೀರಿನಲ್ಲಿ ತಮ್ಮಷ್ಟಕ್ಕೆ ಅಲೆದಾಡುತ್ತಾ ಹರಡುತ್ತವೆ. ದೂರ ಹತ್ತು ಪಟ್ಟಾದರೆ ಬೇಕಾಗುವ ಸಮಯ ನೂರು ಪಟ್ಟಾಗುತ್ತದೆ. 10 ಮೈಕ್ರೋಮೀಟರ್ ದಾಟಲು ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಸಾಕು. ಒಂದು ಸೆಂಟಿಮೀಟರ್ ದಾಟಲು ಅರ್ಧ ದಿನಕ್ಕೂ ಜಾಸ್ತಿ. ಒಂದು ಮೀಟರ್ ದಾಟಲು ಹದಿನೈದು ವರ್ಷಕ್ಕೂ ಮೇಲೆ! ಹೀಗೆ ಕಾಯುತ್ತಾ ಕೂತರೆ ಯಾವ ಜೀವವೂ ಉಳಿಯಲ್ಲ. ಆದರೆ ಈ ಲೆಕ್ಕ ಹೇಳುವುದು ದೂರದ ಬಗ್ಗೆ, ಕೋಶದ ಗಾತ್ರದ ಬಗ್ಗೆ ಅಲ್ಲ. ಜೀವಂತ ವಸ್ತು ಹೊರಗಿನ ನೀರಿನಿಂದ ಎಷ್ಟು ದೂರದಲ್ಲಿದೆ, ತನ್ನ ಹತ್ತಿರದ ಕೋಶಕೇಂದ್ರದಿಂದ ಎಷ್ಟು ದೂರದಲ್ಲಿದೆ ಅನ್ನುವುದಷ್ಟೇ ಮುಖ್ಯ. ಆ ಎರಡು ದೂರಗಳನ್ನು ಚಿಕ್ಕದಾಗಿ ಇಟ್ಟುಕೊಂಡರೆ ಕೋಶ ಎಷ್ಟು ದೊಡ್ಡದಾದರೂ ನಡೆಯುತ್ತದೆ.

ನಿಮ್ಮ ಗುಳ್ಳೆ ಇದನ್ನೇ ಮಾಡಿದೆ. ಅದನ್ನು ನೀರು ತುಂಬಿದ ಬಲೂನ್ ಅಂತ ಅಂದುಕೊಳ್ಳಿ. ಹೊರಗೆ ಸೆಲ್ಯುಲೋಸ್‌ನ ಗಟ್ಟಿ ಕೋಶಭಿತ್ತಿ. ನಡುವೆ, ಗುಳ್ಳೆಯ ಬಹುಪಾಲು ಜಾಗದಲ್ಲಿ, ಬರೀ ರಸ. ಇದು ರಸದಾನಿ. ಜೀವ ಇರುವುದು ಇವೆರಡರ ಮಧ್ಯೆ, ಭಿತ್ತಿಗೆ ಒಳಗಿನಿಂದ ಅಂಟಿಕೊಂಡ ಕೋಶದ್ರವ್ಯದ ತೆಳುಪದರದಲ್ಲಿ ಮಾತ್ರ. ಆ ಪದರ ಒಂದು ಕೂದಲಿನಷ್ಟೂ ದಪ್ಪವಿಲ್ಲ. ಹಸಿರು ಬಣ್ಣ ಕೊಡುವ ಕ್ಲೋರೋಪ್ಲಾಸ್ಟ್‌ಗಳೂ ಅದರಲ್ಲೇ, ಕೋಶಕೇಂದ್ರಗಳೂ ಅದರಲ್ಲೇ. ಗುಳ್ಳೆ ದೊಡ್ಡದಾಗುವುದು ಅಂದರೆ ಈ ಹಾಳೆ ಅಗಲವಾಗುವುದು. ಅದು ದಪ್ಪ ಆಗುವುದೇ ಇಲ್ಲ. ಹಾಗಾಗಿ ಜೀವಂತ ವಸ್ತುವಿನ ಯಾವ ಕಣವೂ ಸಮುದ್ರದಿಂದ ದೂರ ಹೋಗುವ ಪ್ರಶ್ನೆಯೇ ಬರುವುದಿಲ್ಲ.

ಕೋಶಕೇಂದ್ರ‘ಗಳು’ ಅಂದೆ, ಗಮನಿಸಿದಿರಿ ಅಲ್ವಾ? ಸಾಮಾನ್ಯ ಕೋಶದಲ್ಲಿ ಕೇಂದ್ರ ಎರಡಾದ ಮೇಲೆ ಕೋಶವೂ ಎರಡಾಗುತ್ತದೆ. ಇಲ್ಲಿ ಮೊದಲ ಕೆಲಸ ನಡೆಯುತ್ತದೆ, ಎರಡನೆಯದು ನಡೆಯುವುದಿಲ್ಲ. ಕೇಂದ್ರ ಹೆಚ್ಚುತ್ತಾ ಹೋಗುತ್ತದೆ, ಗೋಡೆ ಮಾತ್ರ ಏಳುವುದಿಲ್ಲ. ವಲೋನಿಯಾದ ಪದರವನ್ನು ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಕೇಂದ್ರಗಳು ಅಲ್ಲಿಷ್ಟು ಇಲ್ಲಿಷ್ಟು ಚೆಲ್ಲಾಪಿಲ್ಲಿಯಾಗಿ ಇರುವುದಿಲ್ಲ. ಅಳತೆ ಮಾಡಿ ಇಟ್ಟ ಹಾಗೆ ಹೆಚ್ಚುಕಡಿಮೆ ಸಮ ಅಂತರದಲ್ಲಿ ಇರುತ್ತವೆ. ಪ್ರತಿ ಕೇಂದ್ರದಿಂದ ಸುತ್ತಲೂ ಸೂಕ್ಷ್ಮನಾಳಿಕೆಗಳು, ಅಂದರೆ ಪ್ರೋಟೀನಿನ ಅತಿ ಸಣ್ಣ ಕೊಳವೆಗಳು, ಚಾಚಿಕೊಂಡು ಪಕ್ಕದ ಕೇಂದ್ರವನ್ನು ದೂರ ಇಡುತ್ತವೆ. ಗೋಡೆ ಇಲ್ಲದಿದ್ದರೂ ಒಂದೊಂದು ಕೇಂದ್ರಕ್ಕೂ ತನ್ನದೇ ಸರಹದ್ದು ಇದೆ ಅನ್ನಿ.

ಇಲ್ಲಿ ಒಂದು ತಿದ್ದುಪಡಿ. ಗುಳ್ಳೆಯ ಬುಡದಲ್ಲಿ, ಕಲ್ಲಿಗೆ ಅಂಟಿದ ಕಡೆ, ತೀರಾ ಚಿಕ್ಕ ಮಸೂರದಾಕಾರದ ಕೋಶಗಳು ಪ್ರತ್ಯೇಕವಾಗಿ ಇರುತ್ತವೆ. ಹಿಡಿತಕ್ಕೆ ಬೇಕಾದ ಎಳೆಗಳು ಅಲ್ಲಿಂದ ಹೊರಡುತ್ತವೆ. ಆದ್ದರಿಂದ ‘ಇಡೀ ಗುಳ್ಳೆ ಒಂದೇ ಕೋಶ’ ಅನ್ನುವುದು ಕಣ್ಣಿಗೆ ಕಾಣುವ ಗುಂಡಿಗೆ ಮಾತ್ರ ಸರಿ.

ಒಳಗಿನ ರಸದ ಕಥೆಯೂ ಸ್ವಾರಸ್ಯವಾಗಿದೆ. ಅದು ಒಳಗೆ ಸಿಕ್ಕಿಕೊಂಡ ಸಮುದ್ರದ ನೀರು ಅಂತ ಯಾರಿಗಾದರೂ ಅನಿಸುತ್ತದೆ. ಅಲ್ಲ. ಇದೇ ಕುಟುಂಬದ ವಲೋನಿಯಾ ಮ್ಯಾಕ್ರೋಫೈಸಾದ ರಸದಲ್ಲಿ ಪೊಟ್ಯಾಸಿಯಂ ಸಮುದ್ರದ ನೀರಿಗಿಂತ ಸುಮಾರು 40 ಪಟ್ಟು ಜಾಸ್ತಿ ಇದೆ, ಸೋಡಿಯಂ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಂದರೆ ಆ ತೆಳು ಪದರ ಹಗಲೂ ರಾತ್ರಿ ಒಂದನ್ನು ಒಳಗೆ ಎಳೆದುಕೊಳ್ಳುತ್ತಾ ಇನ್ನೊಂದನ್ನು ಹೊರಗೆ ದಬ್ಬುತ್ತಾ ಇದೆ. ಕೋಶದೊಳಕ್ಕೆ ನೇರವಾಗಿ ಗಾಜಿನ ಸಣ್ಣ ಕೊಳವೆ ತೂರಿಸಿ ರಸ ತೆಗೆಯಲು ಬರುವಷ್ಟು ದೊಡ್ಡ ಕೋಶ ಬೇರೆಲ್ಲಿ ಸಿಗುತ್ತದೆ? 1920 ಮತ್ತು 30ರ ದಶಕಗಳಲ್ಲಿ ಡಬ್ಲ್ಯು. ಜೆ. ವಿ. ಆಸ್ಟರ್‌ಹೌಟ್ ಎಂಬ ವಿಜ್ಞಾನಿ ಈ ಗುಳ್ಳೆಗಳ ಮೇಲೆಯೇ ವರ್ಷಗಟ್ಟಲೆ ಕೆಲಸ ಮಾಡಿದರು. ಕೋಶಪೊರೆಯ ಮೂಲಕ ಲವಣಗಳು ಓಡಾಡುವ ಬಗ್ಗೆ ಆಗಿನ ಕಾಲಕ್ಕೆ ಗೊತ್ತಾದ ಎಷ್ಟೋ ಸಂಗತಿಗಳು ಇದರಿಂದ ಬಂದವು. ಇದರ ಕೋಶಭಿತ್ತಿಯ ಸೆಲ್ಯುಲೋಸ್ ಎಷ್ಟು ಅಚ್ಚುಕಟ್ಟಾಗಿ ಜೋಡಣೆಯಾಗಿದೆ ಅಂದರೆ, ಸೆಲ್ಯುಲೋಸ್‌ನ ಹರಳಿನ ರಚನೆ ಬಿಡಿಸಲು ಹೊರಟವರು ಪದೇ ಪದೇ ವಲೋನಿಯಾವನ್ನೇ ಹುಡುಕಿಕೊಂಡು ಹೋದರು.

ಗುಳ್ಳೆಯದು ಸರಳ ಆಕಾರ. ಕಾಲರ್ಪಾ ನೋಡಿದಾಗ ಪ್ರಶ್ನೆ ಇನ್ನೂ ಕಠಿಣವಾಗುತ್ತದೆ. ಅದರ ಕೊಳವೆಯಂಥ ಮೈ ಕುಸಿಯದಂತೆ ಭಿತ್ತಿಯಿಂದಲೇ ಒಳಕ್ಕೆ ಸಣ್ಣ ಸಣ್ಣ ಅಡ್ಡಕಂಬಿಗಳು ಬೆಳೆದು ಆಧಾರ ಕೊಡುತ್ತವೆ. ಅವು ಗೋಡೆಗಳಲ್ಲ, ಅವುಗಳ ಸಂದಿಯಲ್ಲಿ ಕೋಶದ್ರವ್ಯ ಆರಾಮಾಗಿ ಹರಿಯುತ್ತದೆ. ಸೂಕ್ಷ್ಮನಾಳಿಕೆಗಳ ಹಳಿಗಳ ಮೇಲೆ ಸೆಕೆಂಡಿಗೆ ಕೆಲವು ಮೈಕ್ರೋಮೀಟರ್ ವೇಗದಲ್ಲಿ ಸರಕು ಸಾಗುತ್ತಾ ಇರುತ್ತದೆ. ಕೇಳಲು ತೀರಾ ನಿಧಾನ ಅನಿಸಬಹುದು. ಸೆಕೆಂಡಿಗೆ 5 ಮೈಕ್ರೋಮೀಟರ್ ಅಂದುಕೊಂಡರೂ ಒಂದು ಸೆಂಟಿಮೀಟರ್‌ಗೆ ಸುಮಾರು ಅರ್ಧ ಗಂಟೆ, ಒಂದು ಮೀಟರ್‌ಗೆ ಎರಡು ದಿನಕ್ಕಿಂತ ಸ್ವಲ್ಪ ಜಾಸ್ತಿ. ವಿಸರಣೆಯನ್ನೇ ನಂಬಿ ಕೂತಿದ್ದರೆ ಹದಿನೈದು ವರ್ಷ ಬೇಕಿತ್ತು!

ನನ್ನ ಪ್ರಕಾರ ಇದರಲ್ಲಿ ನಿಜವಾದ ಸೋಜಿಗ ಗಾತ್ರ ಅಲ್ಲ. ‘ಜಗತ್ತಿನ ಅತಿ ದೊಡ್ಡ ಕೋಶ’ ಅಂತ ದಾಖಲೆ ಪಟ್ಟಿಗೆ ಸೇರಿಸಿ ಸುಮ್ಮನಾಗುವುದು ಸುಲಭ. ಆಕಾರವನ್ನು ನೋಡಬೇಕು. ಮರಗಿಡಗಳಲ್ಲಿ ಎಲೆ ಎಲೆಯಾಗುವುದು, ಬೇರು ಬೇರಾಗುವುದು ಬೇರೆ ಬೇರೆ ಕೋಶಗಳು ಬೇರೆ ಬೇರೆ ಕೆಲಸ ಹಂಚಿಕೊಳ್ಳುವುದರಿಂದ ಅಂತ ಹೇಳುತ್ತೇವೆ. ಕಾಲರ್ಪಾದಲ್ಲಿ ಹಂಚಿಕೊಳ್ಳಲು ಇನ್ನೊಂದು ಕೋಶವೇ ಇಲ್ಲ! ಆದರೂ ಕೆಳಗೆ ಮರಳು ಹಿಡಿಯುವ ಬೇರೆಳೆ, ಅಡ್ಡಕ್ಕೆ ಹಬ್ಬುವ ಕಾಂಡ, ಮೇಲಕ್ಕೆ ಗರಿಯಂಥ ಎಲೆ. ಕಾಂಡವನ್ನು ತಲೆಕೆಳಗಾಗಿ ತಿರುಗಿಸಿಟ್ಟರೆ ಹೊಸ ಬೇರೆಳೆಗಳು ಈಗ ಕೆಳಗಿರುವ ಬದಿಯಿಂದ ಹೊರಡುತ್ತವೆ. ನೆಲ ಯಾವ ಕಡೆ ಅಂತ ಅದಕ್ಕೆ ಗೊತ್ತಾಗುತ್ತದೆ. ಕೋಶಗಳು ಸೇರಿ ಸಸ್ಯವಾಗುವುದಿಲ್ಲ, ಸಸ್ಯವೇ ತನಗೆ ಬೇಕಾದ ಹಾಗೆ ಕೋಶಗಳನ್ನು ಮಾಡಿಕೊಳ್ಳುತ್ತದೆ ಎಂಬ ಮಾತು 19ನೇ ಶತಮಾನದ ಜರ್ಮನ್ ಸಸ್ಯವಿಜ್ಞಾನಿ ಆಂಟನ್ ಡಿ ಬಾರಿ ಅವರದು. ಕಾಲರ್ಪಾ ಆ ಪಕ್ಷದ ದೊಡ್ಡ ಸಾಕ್ಷಿ.

2015ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ನೀಲಿಮಾ ಸಿನ್ಹಾ ಅವರ ಪ್ರಯೋಗಾಲಯದ ತಂಡ ಕಾಲರ್ಪಾ ಟ್ಯಾಕ್ಸಿಫೋಲಿಯಾವನ್ನು ಬುಡದಿಂದ ತುದಿವರೆಗೆ ಭಾಗ ಮಾಡಿ, ಯಾವ ಭಾಗದಲ್ಲಿ ಯಾವ ಆರ್‌ಎನ್‌ಎ (ಕೋಶಕೇಂದ್ರದಿಂದ ಹೊರಡುವ ಆದೇಶದ ಪ್ರತಿ) ಇದೆ ಅಂತ ಪಟ್ಟಿ ಮಾಡಿತು. ಒಂದೇ ಪೊರೆಯೊಳಗೆ, ಗೋಡೆಯಿಲ್ಲದೆ, ಸದಾ ಹರಿಯುತ್ತಲೇ ಇರುವ ದ್ರವ. ಎಲ್ಲ ಕಲಸಿ ಒಂದೇ ಆಗಿರಬೇಕಿತ್ತು. ಆದರೆ ಒಂದೊಂದು ಭಾಗದಲ್ಲಿ ಒಂದೊಂದು ಬಗೆಯ ಆರ್‌ಎನ್‌ಎಗಳು ಜಾಸ್ತಿ ಇದ್ದವು, ಬುಡದಿಂದ ತುದಿಗೆ ಹೋಗುತ್ತಾ ಅದರಲ್ಲಿ ಒಂದು ಕ್ರಮವೂ ಕಾಣಿಸಿತು. ಅಂದರೆ ಕೆಲಸ ಹಂಚಿಕೆ ಇದೆ, ಗೋಡೆ ಮಾತ್ರ ಇಲ್ಲ.

ಈಗ ಸೂಜಿಯ ವಿಷಯ. ಒಂದೇ ಕೋಶವಾಗಿ ಇಷ್ಟು ದೊಡ್ಡದಾಗಿ ಬೆಳೆಯುವುದರ ದೊಡ್ಡ ಅಪಾಯ ಇದೇ. ನಮ್ಮ ಚರ್ಮ ಕೊಯ್ದರೆ ಒಂದಿಷ್ಟು ಕೋಶ ಸಾಯುತ್ತವೆ, ಉಳಿದವು ನಡೆಸಿಕೊಂಡು ಹೋಗುತ್ತವೆ. ಇವಕ್ಕೆ ಒಂದು ತೂತು ಬಿದ್ದರೂ ಇಡೀ ಜೀವವೇ ಸೋರಿ ಹೋಗಬಹುದು. ಅದರಲ್ಲೂ ಒಳಗೆ ಒತ್ತಡ ಇರುತ್ತದೆ, ಚುಚ್ಚಿದರೆ ರಸ ಚಿಮ್ಮುತ್ತದೆ. ಹಾಗಾಗಿ ಈ ಗುಂಪಿನ ಪಾಚಿಗಳು ಗಾಯ ಮುಚ್ಚುವುದರಲ್ಲಿ ಪಳಗಿದ ಕೈ.

ಕಾಲರ್ಪಾದ ದಾರಿ ರಸಾಯನಶಾಸ್ತ್ರದ್ದು. ಅದರ ಮೈತುಂಬ ಕಾಲರ್ಪೆನೈನ್ ಎಂಬ ವಸ್ತು ಇರುತ್ತದೆ. ಗಾಯವಾದ ಕೂಡಲೇ ಒಂದು ಕಿಣ್ವ ಅದರ ತುಣುಕುಗಳನ್ನು ಕತ್ತರಿಸುತ್ತದೆ. ಉಳಿಯುವ ಅಣು ಭಯಂಕರ ಚುರುಕು. ಅದು ಅಕ್ಕಪಕ್ಕದ ಪ್ರೋಟೀನ್‌ಗಳನ್ನು ಒಂದಕ್ಕೊಂದು ಹೊಲಿದು ಗಟ್ಟಿ ಬಿರಡೆ ಮಾಡಿಬಿಡುತ್ತದೆ. ಕ್ಷಣಗಳಲ್ಲಿ ಶುರುವಾಗಿ ನಿಮಿಷಗಳಲ್ಲಿ ಸೋರಿಕೆ ನಿಲ್ಲುತ್ತದೆ. ಕತ್ತರಿ ಹಾಕುವಾಗ ತುದಿಯಲ್ಲಿ ಲೋಳೆಯಂಥದ್ದು ಬಂದು ಗಟ್ಟಿಯಾಗುವುದನ್ನು ನೀವೂ ನೋಡಿರಬಹುದು. ಈ ವಸ್ತು ಮೇಯಲು ಬರುವ ಪ್ರಾಣಿಗಳಿಗೆ ವಿಷವೂ ಹೌದು. ಆದರೆ ಕೆಲವು ಹಸಿರು ಸಮುದ್ರ ಗೊಂಡೆಹುಳುಗಳಿಗೆ ಇದರ ಭಯವಿಲ್ಲ. ಅವು ಮೊನಚು ಹಲ್ಲಿನಿಂದ ಪಾಚಿಯ ಭಿತ್ತಿ ಚುಚ್ಚಿ ಒಳಗಿನದನ್ನು ಹೀರುತ್ತವೆ. ಕೆಲವು ಜಾತಿಗಳು ಹೀರಿದ ಕ್ಲೋರೋಪ್ಲಾಸ್ಟ್‌ಗಳನ್ನು ಜೀರ್ಣಿಸದೆ ತಮ್ಮ ಮೈಯಲ್ಲೇ ಇಟ್ಟುಕೊಳ್ಳುತ್ತವೆ.

ವಲೋನಿಯಾ ಮತ್ತು ಅದರ ಹತ್ತಿರದ ಬಳಗದ್ದು ಇನ್ನೊಂದು ಉಪಾಯ. ಬೋರ್ಗೆಸೆನಿಯಾ ಎಂಬ ಪಾಚಿಯಲ್ಲಿ ಇದನ್ನು ಚೆನ್ನಾಗಿ ನೋಡಬಹುದು. ಸೂಜಿ ಚುಚ್ಚಿ ರಸ ಹೊರಬಿಟ್ಟರೆ ಒಳಗಿನ ಹಸಿರು ಹಾಳೆ ಮೊದಲು ಜಾಲದಂತೆ ಹರಿಯುತ್ತದೆ. ಆಮೇಲೆ ಅಲ್ಲಲ್ಲಿ ಸೇರಿಕೊಂಡು ಗುಂಡಗಿನ ಹಸಿರು ಉಂಡೆಗಳಾಗುತ್ತದೆ. ಒಂದೆರಡು ಗಂಟೆಯಲ್ಲಿ ಹಳೆಯ ಭಿತ್ತಿಯೊಳಗೆ ಇಂಥ ಉಂಡೆಗಳ ರಾಶಿ. ಒಂದೊಂದೂ ತನ್ನ ಸುತ್ತ ಹೊಸ ಭಿತ್ತಿ ಕಟ್ಟಿಕೊಂಡು ಒಂದೊಂದು ಹೊಸ ಗಿಡವಾಗಬಲ್ಲದು. ಒಂದನ್ನು ಕೊಲ್ಲಲು ಹೋಗಿ ನೂರು ಮಾಡಿದ ಹಾಗೆ! ಆದ್ದರಿಂದ ತೊಟ್ಟಿಯೊಳಗೆ ಗುಳ್ಳೆ ಒಡೆಯುವ ಆಸೆ ಬೇಡ. ಕಲ್ಲನ್ನು ಹೊರಗೆ ತೆಗೆದು, ಗುಳ್ಳೆಯನ್ನು ಬುಡದ ಸಮೇತ ಇಡಿಯಾಗಿ ಕಿತ್ತು, ಆ ಜಾಗ ತಿಕ್ಕಿ ತೊಳೆದು ವಾಪಸ್ ಇಡಿ.

ಎಲ್ಲಕ್ಕಿಂತ ವಿಚಿತ್ರ ಬ್ರಯಾಪ್ಸಿಸ್. ಗರಿಯಾಕಾರದ ಪುಟ್ಟ ಪಾಚಿ, ಅದೂ ಈ ಗುಂಪಿನದೇ. ಅದನ್ನು ಹಿಂಡಿ ಒಳಗಿನ ಹಸಿರನ್ನು ಸಮುದ್ರದ ನೀರಿಗೆ ಬಿಟ್ಟರೆ, ಕ್ಲೋರೋಪ್ಲಾಸ್ಟ್, ಕೋಶಕೇಂದ್ರ ಎಲ್ಲ ಬಿಡಿಬಿಡಿಯಾಗಿ ತೇಲುತ್ತವೆ. ಮಾಮೂಲಿ ಕೋಶವಾಗಿದ್ದರೆ ಕಥೆ ಅಲ್ಲಿಗೆ ಮುಗಿಯಿತು. ಇಲ್ಲಿ ಹಾಗಲ್ಲ. ಆ ಬಿಡಿಭಾಗಗಳು ನಿಮಿಷಗಳಲ್ಲಿ ಒಂದರ ಹತ್ತಿರ ಒಂದು ಸರಿದು ಗುಂಪುಗೂಡುತ್ತವೆ. ಸುತ್ತ ಮೊದಲು ಒಂದು ಲೋಳೆಯ ಹೊದಿಕೆ ಬರುತ್ತದೆ. ನಿಜವಾದ ಕೋಶಪೊರೆ ಬರುವುದು ಎಷ್ಟೋ ಗಂಟೆ ಆದಮೇಲೆ. ಆಮೇಲೆ ಭಿತ್ತಿ, ಆಮೇಲೆ ಹೊಸ ಗಿಡ. ಮಧ್ಯದ ಅಷ್ಟೂ ಹೊತ್ತು ಅದು ಪೊರೆಯೇ ಇಲ್ಲದ ಜೀವ. ‘ಕೋಶ ಅಂದರೆ ಪೊರೆಯಿಂದ ಸುತ್ತುವರಿದದ್ದು’ ಎಂಬ ವ್ಯಾಖ್ಯೆಯನ್ನು ವಿದ್ಯಾರ್ಥಿಗಳು ಉರು ಹೊಡೆದು ಒಪ್ಪಿಸಿದಾಗಲೆಲ್ಲ ನನಗೆ ಬ್ರಯಾಪ್ಸಿಸ್ ನೆನಪಾಗುತ್ತದೆ.

ಚೂರಿನಿಂದ ಇಡೀ ಗಿಡ ಬೆಳೆಸುವ ಈ ಗುಣಕ್ಕೆ ಕೆಟ್ಟ ಮುಖವೂ ಇದೆ. ಅಕ್ವೇರಿಯಂಗಳಿಗೆ ಪ್ರಿಯವಾದ ಕಾಲರ್ಪಾ ಟ್ಯಾಕ್ಸಿಫೋಲಿಯಾ 1984ರಲ್ಲಿ ಮೊನಾಕೋದ ಸಮುದ್ರ ವಸ್ತುಸಂಗ್ರಹಾಲಯದ ಕೆಳಗಿನ ನೀರಿನಲ್ಲಿ ಮೊದಲು ಕಣ್ಣಿಗೆ ಬಿತ್ತು. ಆಗ ಅದು ಒಂದು ಚದರ ಮೀಟರ್‌ನಷ್ಟಿತ್ತು ಎಂದು ಅದರ ಬೆನ್ನುಹತ್ತಿದ ಅಲೆಕ್ಸಾಂಡ್ರ್ ಮೈನೆಸ್ ಬರೆದಿದ್ದಾರೆ. 1990ರ ದಶಕ ಮುಗಿಯುವಷ್ಟರಲ್ಲಿ ಮೆಡಿಟರೇನಿಯನ್‌ನ ಸಾವಿರಾರು ಹೆಕ್ಟೇರ್ ತಳಕ್ಕೆ ಹಬ್ಬಿತ್ತು. ಲಂಗರು, ಬಲೆಗಳಿಗೆ ಸಿಕ್ಕಿ ಹರಿದ ಚೂರುಗಳೇ ಸಾಕಾದವು. ಆಮೇಲೆ ಎಷ್ಟೋ ಕಡೆ ತಾನಾಗೇ ಇಳಿದುಹೋಯಿತು ಅನ್ನುವುದೂ ನಿಜ. 2000ದಲ್ಲಿ ಕ್ಯಾಲಿಫೋರ್ನಿಯಾದ ಆಗ್ವಾ ಹೆಡಿಯೋಂಡಾ ಹಿನ್ನೀರಿನಲ್ಲಿ ಇದೇ ಪಾಚಿ ಕಂಡಾಗ ಅಲ್ಲಿನವರು ತಡ ಮಾಡಲಿಲ್ಲ. ಟಾರ್ಪಾಲು ಹೊದಿಸಿ ಒಳಗೆ ಕ್ಲೋರಿನ್ ಬಿಟ್ಟರು. 2006ರಲ್ಲಿ ಪೂರ್ತಿ ನಿರ್ಮೂಲವಾಯಿತು ಎಂದು ಘೋಷಿಸಿದರು. ಅಕ್ವೇರಿಯಂನ ಕಾಲರ್ಪಾ ಕತ್ತರಿಸಿದ್ದನ್ನು ಚರಂಡಿಗೆ ಬಿಡಬೇಡಿ, ಪೂರ್ತಿ ಒಣಗಿಸಿ ಕಸಕ್ಕೆ ಹಾಕಿ.

ಇಷ್ಟು ಹೊತ್ತು ಬಹಳ ಕೇಂದ್ರಗಳಿರುವ ಪಾಚಿಗಳ ಮಾತಾಯಿತು. ‘ಹತ್ತಿರದಲ್ಲೇ ಒಂದು ಕೋಶಕೇಂದ್ರ ಬೇಕು’ ಅಂತ ಮೇಲೆ ನಾನೇ ಹೇಳಿದ ನಿಯಮವನ್ನು ಮುರಿಯುವ ಪಾಚಿಯೂ ಇದೆ. ಅದರ ಹೆಸರು ಅಸಿಟಾಬ್ಯುಲೇರಿಯಾ. ಕೆಲವು ಸೆಂಟಿಮೀಟರ್ ಎತ್ತರದ ದಂಟು, ತುದಿಯಲ್ಲಿ ಕೊಡೆಯಂಥ ಟೋಪಿ, ಬುಡದಲ್ಲಿ ಬೇರೆಳೆ. ಬದುಕಿನ ಬಹುಪಾಲು ಅದಕ್ಕೆ ಒಂದೇ ಕೇಂದ್ರ, ಅದೂ ಬುಡದಲ್ಲಿ. ಟೋಪಿ ಆಗುವುದು ಅದರಿಂದ ಸೆಂಟಿಮೀಟರ್‌ಗಟ್ಟಲೆ ದೂರದಲ್ಲಿ. ಹಾಗಾದರೆ ಟೋಪಿ ಹೇಗಿರಬೇಕು ಅಂತ ಹೇಳುವುದು ಯಾರು?

1930ರ ದಶಕದಲ್ಲಿ ಬರ್ಲಿನ್‌ನಲ್ಲಿ ಯೋಆಖಿಮ್ ಹ್ಯಾಮರ್ಲಿಂಗ್ ಇದನ್ನು ಕತ್ತರಿ ಹಿಡಿದೇ ಕೇಳಿದರು. ಕೋಶ ಬರಿಗಣ್ಣಿಗೆ ಕಾಣುತ್ತದೆ, ಕೇಂದ್ರ ಎಲ್ಲಿದೆ ಅಂತ ಗೊತ್ತು, ಕತ್ತರಿಸಿದರೂ ಸಾಯಲ್ಲ. ಇನ್ನೇನು ಬೇಕು? ಅವರು ಎರಡು ಜಾತಿ ತೆಗೆದುಕೊಂಡರು. ಒಂದರ ಟೋಪಿ ಅಂಚು ಮುಚ್ಚಿದ ತಟ್ಟೆ, ಇನ್ನೊಂದರದ್ದು ಬೆರಳುಗಳಂತೆ ಬಿಡಿಬಿಡಿ. ಒಂದರ ದಂಟನ್ನು ಕತ್ತರಿಸಿ ಇನ್ನೊಂದರ ಬುಡಕ್ಕೆ ಕಸಿ ಮಾಡಿದರು. ಮೊದಲು ಬಂದ ಟೋಪಿ ಕೆಲವೊಮ್ಮೆ ಎರಡರ ನಡುವಿನ ರೂಪದ್ದು. ಅದನ್ನು ಕತ್ತರಿಸಿದರೆ ಮುಂದೆ ಬಂದದ್ದು ಬುಡದ ಜಾತಿಯದೇ, ಅಂದರೆ ಕೇಂದ್ರ ಯಾರದೋ ಅವರದೇ. ಆ ‘ನಡುವಿನ ರೂಪ’ವೇ ಇಲ್ಲಿ ದೊಡ್ಡ ಸುಳಿವು. ಕತ್ತರಿಸಿದ ದಂಟಿನಲ್ಲಿ ಹಳೆಯ ಕೇಂದ್ರ ಕಳಿಸಿದ್ದ ಆದೇಶ ಇನ್ನೂ ಉಳಿದಿತ್ತು, ಅದು ಖರ್ಚಾದ ಮೇಲೆ ಹೊಸ ಕೇಂದ್ರದ ಮಾತು ನಡೆಯಿತು. ಕೇಂದ್ರವೇ ಇಲ್ಲದ ದಂಟಿನ ತುಂಡು ಕೂಡ ವಾರಗಟ್ಟಲೆ ಬದುಕಿ, ಒಂದು ಟೋಪಿ ಮಾಡಿಕೊಳ್ಳಬಲ್ಲದು. ಎರಡನೆಯದು ಸಾಮಾನ್ಯವಾಗಿ ಆಗುವುದಿಲ್ಲ.

ಕೇಂದ್ರದಿಂದ ಹೊರಟು ದಂಟಿನ ತುದಿಯಲ್ಲಿ ದಾಸ್ತಾನಾಗುವ ‘ರೂಪ ಕೊಡುವ ವಸ್ತು’ ಇದೆ ಎಂದು ಹ್ಯಾಮರ್ಲಿಂಗ್ ಹೇಳಿದರು. ಡಿಎನ್‌ಎಯ ರಚನೆ ಗೊತ್ತಾಗಲು ಇನ್ನೂ ಎರಡು ದಶಕ ಬಾಕಿಯಿದ್ದ ಕಾಲ ಅದು. ಇವತ್ತು ನಾವು ಅದನ್ನು ಸಂದೇಶವಾಹಕ ಆರ್‌ಎನ್‌ಎ ಅನ್ನುತ್ತೇವೆ. ಬಹಳ ದಿನ ಕೆಡದೆ ಇರುವಂಥದ್ದು. ಕೇಂದ್ರ ದೂರವಿದ್ದರೆ ಏನಂತೆ, ಕೆಡದ ಆದೇಶಗಳನ್ನು ಮೊದಲೇ ಕಳಿಸಿಟ್ಟರೆ ಆಯಿತು. 1961ರಲ್ಲಿ ಬಿಯಾಟ್ರಿಸ್ ಸ್ವೀನಿ ಮತ್ತು ಫ್ರಾನ್ಸಿಸ್ ಹ್ಯಾಕ್ಸೋ ಇನ್ನೊಂದು ತೋರಿಸಿದರು: ಕೇಂದ್ರ ತೆಗೆದ ಅಸಿಟಾಬ್ಯುಲೇರಿಯಾದಲ್ಲೂ ದ್ಯುತಿಸಂಶ್ಲೇಷಣೆಯ ದಿನದ ಏರಿಳಿತ ನಡೆದೇ ಇರುತ್ತದೆ.

ಹ್ಯಾಲಿಮೀಡಾದ ಬಗ್ಗೆಯೂ ಒಂದು ಮಾತು. ಸುಣ್ಣ ತುಂಬಿದ ಬಿಲ್ಲೆಗಳನ್ನು ಪೋಣಿಸಿದಂತೆ ಇರುವ ಇದೂ ಒಳಗೆ ಗೋಡೆಯಿಲ್ಲದ ಕೊಳವೆಗಳ ಹೆಣಿಗೆಯೇ. ಸತ್ತ ಮೇಲೆ ಬಿಲ್ಲೆಗಳು ಉದುರಿ ಮರಳಾಗುತ್ತವೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಹಿಂದೆ ಈ ಪಾಚಿಯ ಅವಶೇಷದ ದಿಬ್ಬಗಳೇ 6,000 ಚದರ ಕಿಲೋಮೀಟರ್‌ಗಿಂತ ಜಾಸ್ತಿ ಜಾಗದಲ್ಲಿ ಹರಡಿವೆ.

ಕೊನೆಗೆ ಬೆಳ್ಳಗಾದ ನಿಮ್ಮ ಕಾಲರ್ಪಾ. ಅದಕ್ಕೆ ರೋಗ ಬಂದಿರಲಿಲ್ಲ, ಸಂತಾನೋತ್ಪತ್ತಿ ಮಾಡಿ ಮುಗಿಯಿತು. ಹೂವು ಬಿಟ್ಟು ಬೀಜ ಮಾಡಿ ಗಿಡ ಉಳಿಯುವ ವ್ಯವಸ್ಥೆ ಇವಕ್ಕಿಲ್ಲ. ಒಳಗಿನ ಕೋಶದ್ರವ್ಯವೆಲ್ಲ ಒಟ್ಟಿಗೇ ಈಜುವ ಲಿಂಗಾಣುಗಳಾಗಿ ಮಾರ್ಪಟ್ಟು ಹೊರಗೆ ಬರುತ್ತದೆ, ಉಳಿಯುವುದು ಖಾಲಿ ಭಿತ್ತಿ. ಸಮುದ್ರದಲ್ಲಿ ಇದು ಬೆಳಕು ಹರಿಯುವ ಹೊತ್ತಿಗೆ ನಡೆಯುತ್ತದೆ. ಕೆರಿಬಿಯನ್‌ನ ಹವಳದ ಬಂಡೆಗಳಲ್ಲಿ ಇದನ್ನು ಗಮನಿಸಿದ ಕೆನೆತ್ ಕ್ಲಿಫ್ಟನ್ 1997ರಲ್ಲಿ ಬರೆದರು: ಒಂದೇ ಜಾತಿಯ ಪಾಚಿಗಳು ಒಂದೇ ಬೆಳಿಗ್ಗೆ, ಕೆಲವೇ ನಿಮಿಷಗಳ ಅಂತರದಲ್ಲಿ ಲಿಂಗಾಣು ಬಿಡುತ್ತವೆ. ಹತ್ತಿರದ ಸಂಬಂಧದ ಜಾತಿಗಳು ಬೇರೆ ಬೇರೆ ಸಮಯ ಹಿಡಿದುಕೊಂಡಿವೆ, ಹಾಗಾಗಿ ಕಲಬೆರಕೆ ಆಗುವುದು ಕಡಿಮೆ.

ಇದು ಹೇಳದೆ ಕೇಳದೆ ಬರುವುದಿಲ್ಲ. ಒಂದು ದಿನ ಮುಂಚೆಯೇ ಎಲೆಗಳ ಹಸಿರು ಒಂದೇ ಸಮನಾಗಿ ಇರದೆ ಬಲೆಬಲೆಯಾಗಿ, ತೇಪೆತೇಪೆಯಾಗಿ ಕಾಣುತ್ತದೆ. ಮೈಮೇಲೆ ಮೊಳೆಗಳಂಥ ಸಣ್ಣ ಕೊಳವೆಗಳು ಏಳುತ್ತವೆ. ರಾತ್ರಿ ಸ್ವಲ್ಪ ಬಿಳಿಚಿಕೊಂಡು ಬೆಳಿಗ್ಗೆ ಸರಿಹೋಗುವುದು ಬೇರೆ. ಅದು ಕ್ಲೋರೋಪ್ಲಾಸ್ಟ್‌ಗಳು ಜಾಗ ಬದಲಿಸುವುದು, ಅದಕ್ಕೆ ಗಾಬರಿ ಬೇಡ. ಬಲೆಯ ಗುರುತು ಕಂಡರೆ ಮಾತ್ರ ಆ ಸಂಜೆಯೇ ಅಂಥ ಕಾಂಡಗಳನ್ನು ತೆಗೆದುಬಿಡಿ. ತಡವಾಗಿ ನೀರು ಕದಡಿಯೇ ಬಿಟ್ಟರೆ ಗಾಳಿಯ ಪಂಪ್ ಜೋರು ಮಾಡಿ, ಒಂದು ಪಾಲು ನೀರು ಬದಲಿಸಿ, ಬಿಳಿ ಸಿಪ್ಪೆಗಳನ್ನು ಎತ್ತಿಹಾಕಿ. ಕೊಳೆಯುವ ಲಿಂಗಾಣುಗಳು ನೀರಿನ ಆಮ್ಲಜನಕ ತಿಂದುಹಾಕುತ್ತವೆ, ಮೀನುಗಳಿಗೆ ತೊಂದರೆಯಾಗುವುದು ಅದರಿಂದಲೇ.